ಪೇಟಿ ಹುಡುಗಿ ಹಾಡಿದಳೋ ಇಲ್ಲವೋ

ಅಂಜಿನಕ್ಕನ ಅಂಗಳದಲ್ಲಿ ಒಂದು ಕಾನೂನಿತ್ತು. ಟಿವಿಯಲ್ಲಿ ಹಾಡು ಬಂದಾಗ ಯಾರೂ ಕೊಡತಿ ಎತ್ತುವಂತಿಲ್ಲ. ಹುಣಸೆಹಣ್ಣು ಬಡಿದು ಬೀಜ ಬಿಡಿಸಲು ಕೂತ ಹೆಂಗಸರೆಲ್ಲ ತಮ್ಮ ಮರದ ಕೊಡತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನಿರಬೇಕು. ಹಾಡು ಮುಗಿದು ಮಾತು ಶುರುವಾದರೆ ಮತ್ತೆ ಠಪ್ ಠಪ್. ಆ ಸದ್ದಿನಲ್ಲಿ ಮಾತು ಕೇಳಿಸದಿದ್ದರೂ ಅವಳಿಗೆ ಚಿಂತೆಯಿಲ್ಲ.

"ಮಾತಿನಾಗ ಏನೈತಿ? ನಿನ್ನೆ ಆಡಿದ್ದನ್ನ ಇವತ್ತು ಆಡ್ತಾರ, ಇವತ್ತಿಂದು ನಾಳೆ ಆಡ್ತಾರ. ಹಾಡು ಮಾತ್ರ ದಿನಾ ಬ್ಯಾರೆ" ಎನ್ನುತ್ತಿದ್ದಳು.

ಅಂಜಿನಕ್ಕ ತೀರಿಕೊಂಡು ತಿಂಗಳಾಗುತ್ತ ಬಂತು. ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಶಾಲೆಯ ಉತ್ತರಪತ್ರಿಕೆ ತಿದ್ದುವಾಗಲೂ ಪುಸ್ತಕ ಓದುವಾಗಲೂ ಗೋಡೆಯಾಚೆಯ ಆ ಕೊಡತಿಯ ಸದ್ದು ನನ್ನ ಜೊತೆಗಿತ್ತು. ಈಗ ಇಲ್ಲ. ಅವಳ ಬಗ್ಗೆ ಬರೆಯೋಣವೆಂದು ಕೂತರೆ ದೊಡ್ಡ ಸಂಗತಿ ಯಾವುದೂ ಕೈಗೆ ಸಿಗುವುದಿಲ್ಲ. ನೆನಪಿಗೆ ಬರುವುದು ಒಂದು ಧಾರಾವಾಹಿ, ಅದರ ಮೂಲೆಯಲ್ಲಿ ಕೂತ ಒಬ್ಬ ಹುಡುಗಿ. ಆ ಹುಡುಗಿಯಲ್ಲಿ ಅಂಜಿನಕ್ಕ ಏನು ಕಂಡಿದ್ದಳು ಎಂಬುದು ನನಗೆ ಬಹಳ ಕಾಲ ಒಂದು ಒಗಟಾಗಿತ್ತು.

ಅಂಜಿನಕ್ಕ ಹುಟ್ಟಿದ್ದು ಉಜ್ಜಿನಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಕುರಿ ಕಾಯುವ ಮನೆಯಲ್ಲಿ. ಶಾಲೆಯ ಮೆಟ್ಟಿಲು ಹತ್ತಿದ್ದು ಹೌದು, ಆದರೆ ಕುರಿಮರಿಗಳು ಹೆಚ್ಚಾದ ವರ್ಷ ಮೆಟ್ಟಿಲಿಳಿದಳು. ಕೂಡ್ಲಿಗಿಯ ಹುಲುಗಪ್ಪನಿಗೆ ಕೊಟ್ಟರು. ಹುಲುಗಪ್ಪ ಹುಣಸೆಹಣ್ಣಿನ ಗೋದಾಮಿನಲ್ಲಿ ಹಮಾಲಿ. ಅಲ್ಲಿಂದ ಚೀಲ ಹೊತ್ತು ತಂದು ಮನೆಯಂಗಳಕ್ಕೆ ಸುರಿಯುತ್ತಿದ್ದ. ಓಣಿಯ ಹೆಂಗಸರು ಕೂತು ಬಡಿದು, ಬೀಜ, ನಾರು ಬೇರೆ ಮಾಡಿಕೊಡುತ್ತಿದ್ದರು. ಮಗಳು ಸುಮಂಗಲಾ ಶಾಲೆಗೆ ಹೋಗುತ್ತಿದ್ದಾಗಲೇ ಅವನು ತೀರಿಕೊಂಡ. ಚೀಲ ಬರುವುದು ನಿಲ್ಲಲಿಲ್ಲ. ಅಂಗಳವೂ ಖಾಲಿಯಾಗಲಿಲ್ಲ. ತನ್ನ ಜೋಕಿಗೆ ತಾನೇ ಮೊದಲು ನಗುವ ಹೆಂಗಸು ಅವಳು. ಎದುರಿನವರಿಗೆ ಜೋಕು ತಿಳಿಯುವ ಮುಂಚೆ ನಗು ತಿಳಿಯುತ್ತಿತ್ತು.

ಧಾರಾವಾಹಿಯ ಹೆಸರು 'ಕೊನೇ ಬೆಂಚಿನ ಹಾಡು'. ವಾರದ ದಿನಗಳಲ್ಲಿ ಸಂಜೆ ಏಳಕ್ಕೆ. ಯಾವುದೋ ಊರಿನ ಪಿಯು ಕಾಲೇಜು, ಅಲ್ಲಿ ಹದಿನೇಳರ ಆಸುಪಾಸಿನ ಹುಡುಗ ಹುಡುಗಿಯರದೊಂದು ಹಾಡಿನ ತಂಡ. ಸಿಟ್ಟು ಬಂದರೂ ಹಾಡು, ಪರೀಕ್ಷೆಯಲ್ಲಿ ಫೇಲಾದರೂ ಹಾಡು. ಮುಂದೆ ನಿಂತು ಹಾಡುವವರು ಸಮರ್ಥ ಮತ್ತು ಆರಾಧ್ಯ. ಅವರಿಬ್ಬರೂ ಒಂದಾಗುತ್ತಾರೋ ಇಲ್ಲವೋ ಎಂದು ಕೂಡ್ಲಿಗಿಯಿಂದ ಹಡಗಲಿಯ ತನಕ ಹೆಂಗಸರು ಒಂಬತ್ತು ವರ್ಷ ಕಾದಿದ್ದಾರೆ. ಆ ಒಂಬತ್ತು ವರ್ಷದಲ್ಲಿ ಆ ಹುಡುಗರಿಗೆ ಗಡ್ಡ ಬಂದು, ಬೋಳಿಸಿ, ಮತ್ತೆ ಬಂದರೂ ಪಿಯುಸಿ ಮುಗಿಯಲಿಲ್ಲ.

"ನಮ್ಮ ಸುಮಂಗಲಾ ಮದುವಿ ಆಗಿ ಎರಡು ಹಡದಳು" ಎಂದು ಅಂಜಿನಕ್ಕ ನಗುತ್ತಿದ್ದಳು. "ಇವು ಇನ್ನಾ ಕಾಲೇಜು ಬಿಡವಲ್ಲವು. ಮಾಸ್ತರು ಸರಿ ಇಲ್ಲ ಅನ್ಸತೈತಿ ಸುಜಾತಾ. ನಿನ್ನ ಕಳಸಬೇಕು ಅಲ್ಲಿಗೆ."

ಎಲ್ಲರೂ ಸಮರ್ಥ, ಆರಾಧ್ಯರನ್ನು ನೋಡಿದರೆ ಅವಳು ನೋಡುತ್ತಿದ್ದುದು ತಂಡದ ಹಿಂದೆ, ಎಡಗಡೆಗೆ ಕೂತು ಕೀಬೋರ್ಡ್ ನುಡಿಸುವ ಹುಡುಗಿಯನ್ನು. ಕತೆಯಲ್ಲಿ ಅವಳ ಹೆಸರು ದೀಕ್ಷಾ. ನಮ್ಮ ಕಡೆ ಬಯಲಾಟದಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಹಾಗಾಗಿ ಅಂಜಿನಕ್ಕನಿಗೆ ಅವಳು ಪೇಟಿ ಹುಡುಗಿ. ಒಂಬತ್ತು ವರ್ಷದಲ್ಲಿ ಆ ಹುಡುಗಿ ಒಂಟಿಯಾಗಿ ಒಂದು ಸಾಲೂ ಹಾಡಿರಲಿಲ್ಲ. ಮುಂದಿನವರು ಹಾಡಿದ್ದನ್ನು ಹಿಂದಿನವರ ಜೊತೆ ಸೇರಿ ಹಾಡುತ್ತಿದ್ದಳು, ಅಷ್ಟೇ.

ಎದುರು ಮನೆಯ ಹೊನ್ನೂರಮ್ಮ ಕೆಣಕುತ್ತಿದ್ದಳು. "ನಿನ್ನ ಪೇಟಿ ಹುಡುಗಿಗೆ ಪಗಾರ ಕಡಿಮಿ ಕೊಡ್ತಾರ ಕಾಣತೈತಿ ಬೇ ಅಂಜಿನಕ್ಕ. ಬಾಯಿನೇ ಬಿಡವಲ್ಲಳು."

"ಬಿಡ್ತಾಳ, ತಡಿ."

"ಯಾವಾಗ? ಮುದುಕಿ ಆದ ಮ್ಯಾಲೆ?"

"ಹೂಂ. ನೀನು ಗಪ್ ಕುಂತ ದಿನ."

ಒಂದು ದಿನ ನಾನೇ ಕೇಳಿದೆ. ಕಣ್ಣಿಗೆ ಬೀಳುವವರನ್ನೆಲ್ಲ ಬಿಟ್ಟು ಅವಳನ್ನೇ ಯಾಕೆ ಹಿಡಿದುಕೊಂಡಿದ್ದಿ ಎಂದು. ಅಂಜಿನಕ್ಕ ಹಣ್ಣಿನ ನಾರು ಎಳೆಯುತ್ತಲೇ ಹೇಳಿದಳು, "ಮುಂದಿನವರನ್ನ ನೋಡಾಕ ಊರೆಲ್ಲ ಐತಿ. ಅಕಿನ್ನ ಯಾರು ನೋಡ್ಬೇಕು?" ಅದು ಉತ್ತರವಲ್ಲ, ತಪ್ಪಿಸಿಕೊಳ್ಳುವ ಮಾತು ಎಂದು ನನಗನ್ನಿಸಿತು. ಕೆಲವು ಕತೆಗಳಲ್ಲಿ ಮೂಲೆಯ ಪಾತ್ರವೊಂದು ಓದುಗನ ಕೈ ಹಿಡಿದುಬಿಡುವುದುಂಟು. ಆದರೆ ಒಂಬತ್ತು ವರ್ಷ ಯಾರೂ ಹಿಡಿದುಕೊಂಡು ಕೂರುವುದಿಲ್ಲ.

ಇಲ್ಲಿ ಅಂಜಿನಕ್ಕನ ಹಾಡಿನ ಬಗ್ಗೆ ಹೇಳಬೇಕು. ಮದುವೆಯಲ್ಲಿ, ಕೂಸಿನ ತೊಟ್ಟಿಲ ಶಾಸ್ತ್ರದಲ್ಲಿ ನಮ್ಮ ಹೆಂಗಸರು ಸೋಬಾನ ಹಾಡುವಾಗ ಒಬ್ಬಳು ಸೊಲ್ಲು ಎತ್ತುತ್ತಾಳೆ, ಅಂದರೆ ಮೊದಲ ಸಾಲನ್ನು ತಾನೊಬ್ಬಳೇ ಹಾಡುತ್ತಾಳೆ. ಉಳಿದವರು ಆ ಸಾಲನ್ನು ಹಿಡಿದು ತಿರುಗಿ ಹಾಡುತ್ತಾರೆ. ಸೊಲ್ಲು ಎತ್ತುವಾಕಿ ಎದುರಿಗೆ ಕೂತಿರುವಾಗ ಇನ್ನೊಬ್ಬಳು ಎತ್ತುವಂತಿಲ್ಲ. ನಮ್ಮ ಓಣಿಯಲ್ಲಿ ಸೊಲ್ಲು ಎತ್ತುತ್ತಿದ್ದಾಕಿ ನಾಗಕ್ಕ, ಹುಲುಗಪ್ಪನ ಅಣ್ಣನ ಹೆಂಡತಿ. ಅವಳ ದನಿ ಎಂಥದ್ದೆಂದರೆ, ಹಂದರದಲ್ಲಿ ಎತ್ತಿದರೆ ಬೀದಿಯ ತುದಿಯಲ್ಲಿ ಚಪ್ಪಲಿ ಬಿಡುತ್ತಿದ್ದ ನೆಂಟರು ಹಾಗೇ ನಿಂತುಬಿಡುತ್ತಿದ್ದರು. ಅಂಜಿನಕ್ಕ ನೆಗೆಣ್ಣಿಯಾಗಿ ಆ ಮನೆಗೆ ಬಂದ ವರ್ಷದಿಂದ ಅವಳ ಹಿಂದೆ ಕೂತು ಸೊಲ್ಲು ಹಿಡಿದವಳು.

ಹಿಂದಿನ ವರ್ಷದ ಸುಗ್ಗಿ ಮುಗಿದ ಮೇಲೆ ಅಂಜಿನಕ್ಕನಿಗೆ ಹೊಟ್ಟೆನೋವು ಶುರುವಾಯಿತು. ದಾವಣಗೆರೆಗೆ ಹೋಗಿ ತೋರಿಸಿಕೊಂಡು ಬಂದರು. ಹೊಟ್ಟೆಯೊಳಗಿನ ಗಂಟು ದೂರ ಹಬ್ಬಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರಂತೆ. ಹಗರಿಬೊಮ್ಮನಹಳ್ಳಿಯಲ್ಲಿ ಗಂಡನ ಮನೆಯಲ್ಲಿದ್ದ ಸುಮಂಗಲಾ ಗಂಡ ಮೈಲಾರೇಶನ ಜೊತೆ ತಾಯಿಯ ಹತ್ತಿರ ಬಂದು ಉಳಿದಳು. ಅಂಜಿನಕ್ಕ ಟಿವಿಯ ಎದುರಿಗೇ ಹಾಸಿಗೆ ಹಾಕಿಸಿಕೊಂಡಳು. ಕೊಡತಿ ಹಿಡಿಯುವ ಶಕ್ತಿ ಇರಲಿಲ್ಲ. ಆದರೂ ಹೆಂಗಸರು ಬರುತ್ತಿದ್ದರು, ಬಡಿಯುತ್ತಿದ್ದರು, ಹಾಡು ಬಂದಾಗ ನಿಲ್ಲಿಸುತ್ತಿದ್ದರು.

ಆಗಲೇ ಚಾನೆಲ್ಲಿನವರು ತೋರಿಸತೊಡಗಿದರು: 'ಕೊನೇ ಬೆಂಚಿನ ಹಾಡು', ಅಂತಿಮ ಸಂಚಿಕೆಗಳು.

"ನೋಡಲೇ ಸುಜಾತಾ, ಅವ್ರಿಗೂ ಡಾಕ್ಟ್ರು ಹೇಳಿಬಿಟ್ಟಾರ" ಎಂದಳು ಅಂಜಿನಕ್ಕ. ತಾನೇ ನಕ್ಕಳು. ನಗುವಾಗ ನೋವಾಗಿ ಹೊಟ್ಟೆ ಹಿಡಿದುಕೊಂಡಳು. "ನಾನು ಮೊದಲಾ, ಅದು ಮೊದಲಾ?"

ಸುಮಂಗಲಾ ಎದ್ದು ಒಳಗೆ ಹೋದಳು. ನಾನು ಮಾತು ತಿರುಗಿಸಲು ನೋಡಿದೆ, ಅಂಜಿನಕ್ಕ ಬಿಡಲಿಲ್ಲ.

"ನೀನು ಓದಿದಾಕಿ. ಇಂಥ ಕತಿ ಹೆಂಗ ಮುಗಿಸ್ತಾರ, ಹೇಳು."

"ಸಮರ್ಥ, ಆರಾಧ್ಯ ಕೂಡ್ತಾರ. ಎಲ್ಲಾರೂ ಸೇರಿ ಒಂದು ಹಾಡು ಹಾಡ್ತಾರ. ಮುಗೀತು."

"ಅದು ನಂಗೂ ಗೊತ್ತೈತಿ. ಪೇಟಿ ಹುಡುಗಿ?"

"ಅಕಿ ಹಿಂದ ಕುಂತು ಬಾರಿಸ್ತಾಳ."

ಅವಳು ಮುಖ ಗೋಡೆಯ ಕಡೆ ತಿರುಗಿಸಿದಳು. ನಾನು ಕೇಳಿದೆ, "ಅಕಿ ಹಾಡ್ಲಿ ಅಂತ ನಿನಗ ಅಷ್ಟ್ಯಾಕ ಆಸಿ?"

"ಆಸಿ ಅಲ್ಲ ಬಿಡು" ಎಂದಳು. ಹೊದಿಕೆ ಎಳೆದುಕೊಂಡು, "ಸುಮಂಗಲಾನ ಮದುವ್ಯಾಗ ನಾನೂ ಒಂದು ಸೊಲ್ಲು ಎತ್ತೀನಿ, ಗೊತ್ತಾ?" ಎಂದಳು.

ನನಗೆ ಗೊತ್ತಿರಲಿಲ್ಲ. ಆ ಮದುವೆಗೆ ನಾನೂ ಹೋಗಿದ್ದೆ.

"ಮದುಮಕ್ಕಳಿಗೆ ಸುರಗಿ ನೂಲು ಸುತ್ತೋ ಹೊತ್ತು. ನಾಗಕ್ಕ ಎಲ್ಲೋ ನೀರು ಕುಡ್ಯಾಕ ಹೋಗಿದ್ಲು. ಹೊತ್ತು ಮೀರತೈತಿ, ಎತ್ತಬೇ ಅಂಜಿನಿ ಅಂದ್ರು ಎಲ್ಲಾರೂ. ಎತ್ತಿದೆ. ಒಂದು ಸಾಲು ಹಾಡೀನಿ, ಅಷ್ಟ್ರಾಗ ಅಕ್ಕ ಬಂದಳು. ಅಕಿ ಬಂದ ಮ್ಯಾಲೆ ನಾನು ಹಾಡಾಕ ಬರತೈತೇನು? ನಿಲ್ಲಿಸಿದೆ. ಅಕಿ ತನ್ನದೊಂದು ಎತ್ತಿದಳು."

"ಬ್ಯಾಸರಾತಾ?"

"ಅಯ್ಯ, ಯಾಕ? ಅಕಿ ದನಿ ಎಲ್ಲಿ, ನಂದೆಲ್ಲಿ. ನಂದು ತೂತು ಬಿದ್ದ ಕೊಳವಿ ಇದ್ದಂಗ." ಮತ್ತೆ ನಕ್ಕಳು. "ಒಂದೇ ನೋಡು. ಅಕ್ಕ ಬರೋದು ಒಂದೀಟು ತಡಾ ಆಗಿದ್ರ, ಹಿಂದಿನವ್ರು ನನ್ನ ಸೊಲ್ಲು ಹಿಡೀತಿದ್ರೋ, ಸುಮ್ಮನ ಕುಂದ್ರುತಿದ್ರೋ? ಅದು ಗೊತ್ತಾಗಲಿಲ್ಲ. ದನಿ ಚಲೋ ಇಲ್ಲದಾಕಿ ಎತ್ತಿದ್ರ ಹಿಡೀತಾರ? ಆ ಹುಡುಗಿ ಎತ್ತಿದ್ರ ನೋಡೋಣ ಅಂತ."

ಅದೊಂದು ನೋವಿನ ಮಾತಾಗಿ ನನಗೆ ಕೇಳಿಸಲಿಲ್ಲ. ಅವಳಿಗೆ ನಿಜಕ್ಕೂ ತಿಳಿದುಕೊಳ್ಳಬೇಕಿತ್ತು, ಬಿತ್ತಿದ ಬೀಜ ಮೊಳೆಯುತ್ತದೋ ಇಲ್ಲವೋ ಎಂದು ಮಣ್ಣು ಕೆದಕಿ ನೋಡುವವರ ಹಾಗೆ. ಅವತ್ತಿನಿಂದ ನಾನೂ ಏಳು ಗಂಟೆಗೆ ಹೋಗಿ ಅವಳ ಹಾಸಿಗೆಯ ಪಕ್ಕ ಕೂರತೊಡಗಿದೆ.

ಕೊನೆಯ ವಾರದ ಕತೆ ಹೀಗೆ ನಡೆಯಿತು. ಕಾಲೇಜಿನ ಕೊನೆಯ ಕಾರ್ಯಕ್ರಮ. ಸಭಾಂಗಣ ತುಂಬಿದೆ. ಪರದೆ ಏಳುವ ಹೊತ್ತಿಗೆ ಆರಾಧ್ಯಳ ಗಂಟಲು ಕಟ್ಟಿಹೋಗುತ್ತದೆ. ಅವಳಿಲ್ಲದೆ ನಾನು ಹಾಡುವುದಿಲ್ಲ ಎಂದು ಸಮರ್ಥ ಹಟ ಹಿಡಿದು ಕೆಳಗಿಳಿಯುತ್ತಾನೆ. ಸಂಗೀತದ ಮೇಡಂ ತಂಡದ ಎದುರು ನಿಂತು, ಈಗ ಯಾರು ಶುರು ಮಾಡುತ್ತೀರಿ ಎಂದು ಕೇಳುತ್ತಾರೆ. ಕ್ಯಾಮೆರಾ ಒಂದೊಂದೇ ಮುಖದ ಮೇಲೆ ಹರಿದು, ಕೊನೆಗೆ ಕೀಬೋರ್ಡಿನ ಹಿಂದಿನ ಮುಖದ ಮೇಲೆ ನಿಂತುಬಿಟ್ಟಿತು. ಅದು ಮಂಗಳವಾರದ ಸಂಚಿಕೆ. ಅಲ್ಲಿಗೆ 'ಮುಂದುವರಿಯುವುದು'.

ಅಂಗಳದಲ್ಲಿ ಒಂದು ಕ್ಷಣ ಯಾರೂ ಕೊಡತಿ ಎತ್ತಲಿಲ್ಲ, ಹಾಡು ಇರಲಿಲ್ಲವಾದರೂ.

"ಅಯ್ಯ ಇವ್ರ ಬಾಯಿಗೆ ಮಣ್ಣು ಹಾಕ" ಎಂದಳು ಹೊನ್ನೂರಮ್ಮ. "ಇಲ್ಲೇ ನಿಲ್ಲಿಸಬೇಕಾ?"

ಅಂಜಿನಕ್ಕ ನನ್ನ ಕೈ ಹಿಡಿದಿದ್ದಳು. "ನೋಡಿದಿಯೇನಲೇ? ಅಕಿನ್ನ ತೋರಿಸಿದ್ರು" ಎಂದಳು. ಅವತ್ತು ಅರ್ಧ ಲೋಟ ಗಂಜಿ ಹೆಚ್ಚು ಕುಡಿದಳು ಎಂದು ಸುಮಂಗಲಾ ಆಮೇಲೆ ಹೇಳಿದಳು.

ಬುಧವಾರ ಬೆಳಗಾಗುವ ಹೊತ್ತಿಗೆ ಗೋಡೆಯಾಚೆಯಿಂದ ಸುಮಂಗಲಾ ಕೂಗಿದಳು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಅವತ್ತು ಮಧ್ಯಾಹ್ನವೇ ಗುಡೇಕೋಟೆ ರಸ್ತೆಯ ಕಡೆಗಿರುವ ಸ್ಮಶಾನದಲ್ಲಿ ಹುಲುಗಪ್ಪನ ಪಕ್ಕ ಮಣ್ಣು ಮಾಡಿದರು. ಓಣಿಯಲ್ಲಿ ಸಾವಾದರೆ ಮೂರನೆಯ ದಿನ ಹಾಲು ತುಪ್ಪ ಬಿಡುವ ತನಕ ಆ ಓಣಿಯಲ್ಲಿ ಯಾರೂ ಟಿವಿ ಹಚ್ಚುವುದಿಲ್ಲ. ಇದನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ನಡೆಸುತ್ತಿದ್ದವಳು ಅಂಜಿನಕ್ಕನೇ. ಒಮ್ಮೆ ನಮ್ಮ ಓಣಿಯ ಯರ್ರೆಪ್ಪನ ತಾಯಿ ತೀರಿಕೊಂಡ ದಿನ ಹೊನ್ನೂರಮ್ಮ ಬಾಗಿಲು ಹಾಕಿಕೊಂಡು, ಸೌಂಡ್ ತೆಗೆದು ಇದೇ ಧಾರಾವಾಹಿ ನೋಡುತ್ತಿದ್ದಳು. ಅಂಜಿನಕ್ಕ ಒಳಗೆ ನುಗ್ಗಿ ಪ್ಲಗ್ ಕಿತ್ತಿದ್ದಳು. "ಸತ್ತೋರ್ಗೆ ಕಿವಿ ಕೇಳಂಗಿಲ್ಲ ಅಂತ ಸೌಂಡ್ ತಗದಿಯೇನು? ಕಣ್ಣೂ ಕಾಣಂಗಿಲ್ಲ ಅವ್ರಿಗೆ. ಹಂಗಂತ ಸೀರಿ ಬಿಚ್ಚಿ ಕುಣೀತಿಯಾ?"

ಹಾಗಾಗಿ ಆ ಬುಧವಾರ, ಕೊನೆಯ ಸಂಚಿಕೆ ಬರುವ ಗುರುವಾರ, ಎರಡೂ ಸಂಜೆ ಓಣಿಯ ಟಿವಿಗಳು ಕಪ್ಪಾಗಿದ್ದವು. ಹೆಂಗಸರು ಬಂದು ಅಂಗಳದಲ್ಲಿ ಕೂತರು. ಕೆಲಸವೂ ಇಲ್ಲ. ಗುರುವಾರ ಏಳು ಗಂಟೆಗೆ ಹೊನ್ನೂರಮ್ಮ ಮೆಲ್ಲಗೆ, "ಈಗ ಚಾಲೂ ಆತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಈಗ ಜಾಹೀರಾತು" ಎಂದಳು. ಸುಮಂಗಲಾ ಅಳುತ್ತಿದ್ದವಳು ಸಿಟ್ಟಿನಿಂದ ನೋಡಿದಳು, ಆಮೇಲೆ ನಕ್ಕಳು, ಮತ್ತೆ ಅತ್ತಳು.

ಶುಕ್ರವಾರ ಬೆಳಿಗ್ಗೆ ಹಾಲು ತುಪ್ಪ. ಹತ್ತಿಪ್ಪತ್ತು ಜನ ಹೋದೆವು. ಹಸಿ ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟು, ಬಾಳೆಎಲೆಯ ಮೇಲೆ ಎಡೆ ಇಟ್ಟರು. ಅನ್ನ, ರೊಟ್ಟಿ, ಬದನೆಕಾಯಿ ಪಲ್ಯ, ಅವಳ ಪ್ರೀತಿಯ ಮಂಡಕ್ಕಿ ಮಿರ್ಚಿ, ಒಂದು ಕಪ್ಪಿನಲ್ಲಿ ಚಹಾ. ಎಲ್ಲರೂ ಹಿಂದೆ ಸರಿದು ನಿಂತೆವು. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದು ಏನೆಂದು ತಿಳಿದು, ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ಅಲ್ಲಿಯ ತನಕ ಮಗಳು ಬಾಯಿಗೆ ನೀರು ಹಾಕುವಂತಿಲ್ಲ.

ಬೇವಿನ ಮರದ ಮೇಲೆ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

ಓಣಿಯ ಹಿರಿಯ ಜಂಬಯ್ಯ ತಾತ ಕಾರ್ಯ ನಡೆಸುತ್ತಿದ್ದ. "ಕೇಳವ್ವಾ ಸುಮಂಗಲಾ, ನಿಮ್ಮವ್ವಗ ಏನು ಉಳದೈತೋ ಕೇಳು" ಎಂದ.

ಸುಮಂಗಲಾ ಕೈಮುಗಿದಳು. "ಯವ್ವಾ, ಮನಿ ಮಾರಂಗಿಲ್ಲ. ಚೀಲ ತರಸ್ತೀನಿ, ಕೆಲಸ ನಿಲ್ಲಸಂಗಿಲ್ಲ." ಕಾಗೆ ಇಳಿಯಲಿಲ್ಲ. "ಯವ್ವಾ, ಉಜ್ಜಿನಿ ಗುಡಿಗೆ ಹೋಗಿ ಎಣ್ಣಿ ಕೊಟ್ಟು ಬರ್ತೀವಿ." ಇಳಿಯಲಿಲ್ಲ. ಬಿಸಿಲೇರುತ್ತಿತ್ತು. ಎರಡು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಮೈಲಾರೇಶ್ ಅವಳ ರಟ್ಟೆ ಹಿಡಿದು ನಿಂತಿದ್ದ.

"ಯಾಕ ಒದ್ದಾಡ್ತೀರಿ?" ಎಂದಳು ಹೊನ್ನೂರಮ್ಮ. "ಅಕಿಗೆ ಏನು ಉಳದೈತಿ ಅಂತ ನಿಮಗ್ಯಾರಿಗೂ ಗೊತ್ತಿಲ್ಲೇನು? ಪೇಟಿ ಹುಡುಗಿ ಹಾಡಿದ್ಲೋ ಇಲ್ಲೋ, ಅದು ಉಳದೈತಿ."

ಜಂಬಯ್ಯ ತಾತನಿಗೆ ಅರ್ಥವಾಗಲಿಲ್ಲ. ನಾಗಕ್ಕನಿಗೂ ಆಗಲಿಲ್ಲ, ಅವಳು ಆ ಧಾರಾವಾಹಿಯನ್ನು ಒಂದು ದಿನವೂ ನೋಡಿದವಳಲ್ಲ. ಎರಡು ಓಣಿ ಆಚೆ ಮಗನ ಮನೆಯಲ್ಲಿರುತ್ತಾಳೆ, ಈಗ ದನಿ ಒಡೆದಿದೆ, ಕಣ್ಣು ಮಂಜು. "ಯಾವ ಹುಡುಗಿಬೇ? ಯಾರ ಮಗಳು?" ಎಂದಳು. ಹೊನ್ನೂರಮ್ಮ ಹೇಳಿದಳು. ಟಿವಿಯ ಹುಡುಗಿ, ಹಿಂದೆ ಕೂರುವಾಕಿ, ಒಂಬತ್ತು ವರ್ಷದಿಂದ ಸೊಲ್ಲು ಎತ್ತದಾಕಿ, ಮಂಗಳವಾರ ಎತ್ತುವ ಹೊತ್ತಿಗೆ ನಿಲ್ಲಿಸಿಬಿಟ್ಟರು. ನಾಗಕ್ಕ ಕೇಳುತ್ತ ಕೇಳುತ್ತ ಹೊನ್ನೂರಮ್ಮನ ಹತ್ತಿರ ಸರಿದಳು.

"ಆಮ್ಯಾಲೆ ಎತ್ತಿದ್ಲಾ?" ಎಂದು ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯನ್ನು ನಾವೇ ಎರಡು ಸಂಜೆ ಮುಚ್ಚಿಕೊಂಡು ಕೂತಿದ್ದೆವು.

"ಟೀಚರ್, ನೀವು ಹೇಳಿಬಿಡ್ರಿ" ಎಂದಳು ಹೊನ್ನೂರಮ್ಮ ನನ್ನ ಕಿವಿಯಲ್ಲಿ. "ಹಾಡಿದ್ಲು ಅಂತ ಹೇಳ್ರಿ. ನೀವು ಹೇಳಿದ್ರ ಅಂಜಿನಕ್ಕ ನಂಬತಾಳ."

ನಾಗಕ್ಕನ ಕಿವಿ ಇನ್ನೂ ಚುರುಕು. "ಸುಳ್ಳು ಹೇಳಬ್ಯಾಡ್ರಿ" ಎಂದಳು. "ನಲವತ್ತು ವರ್ಷ ನನ್ನ ಹಿಂದ ಕುಂತಾಳ ಅಕಿ. ಒಂದಕ್ಷರ ತಪ್ಪಿದ್ರ ಹಿಂದಿನಿಂದ ಚಿವುಟ್ತಿದ್ಲು."

ಮೈಲಾರೇಶ್ ಹಿಂಜರಿಯುತ್ತ ಜೇಬಿನಿಂದ ಮೊಬೈಲ್ ತೆಗೆದ. "ಇದ್ರಾಗ ಬರತೈತ್ರಿ. ಮೊನ್ನಿದು, ನಿನ್ನಿದು ಎರಡೂ ಸಂಚಿಕಿ ಹಾಕಿರ್ತಾರ."

"ಏ, ಸಮಾಧಿ ಮುಂದ ಟಿವಿ ಹಚ್ತಿಯೇನಲೇ?" ಜಂಬಯ್ಯ ತಾತ ಗದರಿದ.

"ಟಿವಿ ಅಲ್ಲ ತಾತ, ಮೊಬೈಲು."

"ಎಲ್ಲಾ ಒಂದಾ."

"ಒಂದು ಹೆಂಗ ಆಕ್ಕತಿ?" ಹೊನ್ನೂರಮ್ಮ ನಡುವೆ ಬಂದಳು. "ಟಿವಿ ಹಚ್ಚಬಾರದು ಅಂತ ನಿಮ್ಮ ಹಿರೇರು ಹೇಳ್ಯಾರ. ಮೊಬೈಲ್ ನೋಡಬಾರದು ಅಂತ ಯಾವ ಹಿರೇರು ಹೇಳ್ಯಾರ? ಅವ್ರು ನೋಡಿದ್ರಾ ಮೊಬೈಲ್?"

"ಅವ್ರು ಟಿವಿನೂ ನೋಡಿದ್ದಿಲ್ಲ!"

"ಹಂಗಾರ ಅದನ್ನೂ ಅವ್ರು ಹೇಳಿಲ್ಲ. ನೀವ ಮಾಡಿದ್ದು."

ಜಂಬಯ್ಯ ತಾತ ಸುಮಂಗಲಾಳ ಮುಖ ನೋಡಿದ. "ಹಾಲು ತುಪ್ಪ ಬಿಟ್ಟಾತಲ್ಲ. ಅಲ್ಲಿಗೆ ಕಟ್ಟು ಮುಗೀತು ಅನ್ನಬಹುದು" ಎಂದು ಬೇರೆ ಕಡೆ ತಿರುಗಿದ. "ಆದ್ರ ಸಮಾಧಿಗೆ ಹತ್ತಿರ ಬ್ಯಾಡ. ಆ ಕಡಿ ಹೋಗ್ರಿ."

ಹತ್ತಿರ ಇಟ್ಟುಕೊಂಡರೂ ಪ್ರಯೋಜನವಿರಲಿಲ್ಲ, ಅಲ್ಲಿ ನೆಟ್‌ವರ್ಕ್ ಬರಲಿಲ್ಲ. ಸ್ಮಶಾನದ ಅಂಚಿಗೆ ಒಂದು ಚಪ್ಪಟೆ ಬಂಡೆಯಿದೆ. ಅದರ ಮೇಲೆ ನಿಂತು ಕೈ ಎತ್ತಿದರೆ ಬರುತ್ತದೆ ಎಂದು ಮೈಲಾರೇಶ್ ಕಂಡುಹಿಡಿದ. ಒಬ್ಬೊಬ್ಬರಾಗಿ ಎಲ್ಲರೂ ಬಂಡೆ ಹತ್ತಿದೆವು. ನಾಗಕ್ಕನನ್ನು ಇಬ್ಬರು ಕೈಹಿಡಿದು ಹತ್ತಿಸಿದರು. ಕಡೆಗೆ ಜಂಬಯ್ಯ ತಾತನೂ, ಹೆಂಗಸರು ಬಿದ್ದಾರು ಎಂದು ಹೇಳಿಕೊಂಡು, ಹತ್ತಿ ಬಂದ.

ಮೊದಲು ಸಾಬೂನಿನ ಜಾಹೀರಾತು. ಮೂರನೆಯ ದಿನದ ಕಾರ್ಯಕ್ಕೆ ಬಂದವರು ಬಂಡೆಯ ಮೇಲೆ ಒತ್ತೊತ್ತಾಗಿ ನಿಂತು ಒಬ್ಬ ಹೆಣ್ಣುಮಗಳು ನೊರೆಯಲ್ಲಿ ಕೈ ತೊಳೆಯುವುದನ್ನು ನೋಡಿದೆವು. ಆಮೇಲೆ ಮೈಲಾರೇಶ್ ಬೆರಳಿಂದ ಮುಂದೆ ಮುಂದೆ ಓಡಿಸಿದ.

"ಏ ತಡಿ, ಸಮರ್ಥ ಬಂದ!" ಎಂದಳು ಹೊನ್ನೂರಮ್ಮ.

"ಅವ್ನು ಹಾಳಾಗಿ ಹೋಗ್ಲಿ. ಹುಡುಗಿ ಎಲ್ಲಿ?" ಎಂದಳು ನಾಗಕ್ಕ.

ಸಭಾಂಗಣ. ತಂಡ. ಮೇಡಂ ಕೇಳಿದ ಪ್ರಶ್ನೆಯೇ ಇನ್ನೂ ಗಾಳಿಯಲ್ಲಿ ಇದ್ದಹಾಗಿತ್ತು. ಕೀಬೋರ್ಡಿನ ಹಿಂದಿನ ಹುಡುಗಿ ಎದ್ದು ನಿಂತಳು. ಮುಂದೆ ಬರಲಿಲ್ಲ, ಇದ್ದಲ್ಲೇ ನಿಂತಳು.

"ಇಕೀನಾ?" ನಾಗಕ್ಕ ಮೊಬೈಲಿಗೆ ಮುಖ ತಾಗಿಸಿದಳು. "ಸಣ್ಣಾಕಿ ಅದಾಳಲ್ಲ."

ಹುಡುಗಿ ಹಾಡಿದಳು. ಒಂದೇ ಸಾಲು. ನಾವೆಲ್ಲ ಒಂಬತ್ತು ವರ್ಷ ಏನನ್ನು ಊಹಿಸಿಕೊಂಡಿದ್ದೆವೋ ಅದಲ್ಲ. ದನಿ ತೆಳು, ಮೊದಲ ಪದಕ್ಕೇ ನಡುಗಿತು, ಕೊನೆಯಲ್ಲಿ ಉಸಿರು ಸಾಲಲಿಲ್ಲ.

"ಇಷ್ಟಾ?" ಎಂದಳು ಹೊನ್ನೂರಮ್ಮ. "ಇದಕ್ಕ ಇಷ್ಟು ವರ್ಷ?"

ನಾಗಕ್ಕ ಅವಳ ಕೈ ಅದುಮಿದಳು. "ಗಪ್. ಹಿಂದಿನವ್ರು ಏನು ಮಾಡ್ತಾರ ನೋಡು."

ತಂಡದವರ ಮುಖಗಳು. ಯಾರೂ ಬಾಯಿ ತೆರೆದಿಲ್ಲ. ಅಷ್ಟರಲ್ಲಿ ಚಿತ್ರ ನಿಂತು, ಮಧ್ಯದಲ್ಲಿ ಚಕ್ರವೊಂದು ತಿರುಗತೊಡಗಿತು.

ಹತ್ತಿಪ್ಪತ್ತು ಜನರ ಬಾಯಿಂದ ಒಮ್ಮೆಗೇ ಹೊರಟ ಬೈಗುಳವನ್ನು ಇಲ್ಲಿ ಬರೆಯಲಾರೆ. ಮೈಲಾರೇಶ್ ಕೈ ಎತ್ತಿದ. "ಎಡಕ್ಕ ಹಿಡಿ", "ಇನ್ನಾ ಮ್ಯಾಲೆ", "ತಾತನ ಹೆಗಲ ಮ್ಯಾಲೆ ಹತ್ತು" ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಚಕ್ರ ತಿರುಗುತ್ತಲೇ ಇತ್ತು. ಸುಮಂಗಲಾ ಕಣ್ಣು ಮುಚ್ಚಿ ಮೈಲಾರಲಿಂಗನನ್ನು ನೆನೆಯುತ್ತಿದ್ದಳು. ಆ ಗಳಿಗೆಯಲ್ಲಿ ನನಗೆ ಅಂಜಿನಕ್ಕ ಇಲ್ಲ ಎಂಬುದು ನೆನಪಿರಲಿಲ್ಲ. ಈ ಚಕ್ರ ನಿಂತ ಕೂಡಲೇ ಓಡಿಹೋಗಿ ಅವಳಿಗೆ ಹೇಳಬೇಕು ಎಂದಷ್ಟೇ ಇತ್ತು.

ಮೊದಲು ಬಂದದ್ದು ದನಿ, ಚಿತ್ರ ಆಮೇಲೆ. ಮೈಲಾರೇಶನ ಎತ್ತಿದ ಕೈಯಿಂದ, ನಮ್ಮ ತಲೆಗಳ ಮೇಲಿಂದ, ತಂಡದವರೆಲ್ಲ ಸ್ವರ ಕೂಡಿಸಿ ಅದೇ ಸಾಲನ್ನು ಹಾಡುವುದು ಕೇಳಿಸಿತು. ಎರಡನೆಯ ಸಾಲನ್ನು ಹುಡುಗಿ ಮತ್ತೆ ಒಬ್ಬಳೇ ಎತ್ತಿದಳು. ದನಿ ಈಗಲೂ ತೆಳುವೇ, ಆದರೆ ನಡುಕವಿರಲಿಲ್ಲ. ಅದನ್ನೂ ಹಿಂದಿನವರು ಹಿಡಿದರು.

"ಹಿಡುದ್ರು" ಎಂದಳು ನಾಗಕ್ಕ. "ಹಿಡುದ್ರಲ್ಲಬೇ."

ಸಮರ್ಥ, ಆರಾಧ್ಯ ಏನಾದರು ಎಂದು ಅವತ್ತು ಯಾರೂ ನೋಡಲಿಲ್ಲ. ಸುಮಂಗಲಾ ತಾಯಿಯ ಸಮಾಧಿಯ ಕಡೆ ತಿರುಗಿದವಳು, "ಎಡಿ!" ಎಂದು ಚೀರಿದಳು.

ಎಲೆ ಬರಿದಾಗಿತ್ತು. ಅನ್ನವಿಲ್ಲ, ರೊಟ್ಟಿಯಿಲ್ಲ, ಮಿರ್ಚಿಯ ಒಂದು ತೊಟ್ಟು ಮಾತ್ರ ಬಿದ್ದಿತ್ತು. ಚಹಾದ ಕಪ್ಪು ಉರುಳಿತ್ತು. ಜಂಬಯ್ಯ ತಾತ ದಡಬಡನೆ ಇಳಿದು ಬಂದು ಬಗ್ಗಿ ನೋಡಿದ. ಹಾಲು ಬಿದ್ದ ಮಣ್ಣೆಲ್ಲ ಕೆದರಿಹೋಗಿತ್ತು. ಕಾಗೆಯ ಕಾಲೋ, ನಾಯಿಯ ಕಾಲೋ ಗೊತ್ತಾಗುವಂತಿರಲಿಲ್ಲ. ಕಾರ್ಯಕ್ಕೆ ಬಂದವರಲ್ಲಿ ಒಬ್ಬರಾದರೂ ಎಡೆಯ ಕಡೆ ಕಣ್ಣಿಟ್ಟಿರಲಿಲ್ಲ.

"ಇಂಥಾ ಜನ ನಾನು ಎಲ್ಲೂ ನೋಡಿಲ್ಲ" ಎಂದು ಜಂಬಯ್ಯ ತಾತ ತಲೆಗೆ ಕೈ ಕೊಟ್ಟು ಕೂತ. "ಕಾಗಿ ಮುಟ್ಟಿತು ಅಂತ ಹೇಳಲಾ, ನಾಯಿ ಮುಟ್ಟಿತು ಅಂತಲಾ?"

"ನೀವೂ ಬಂಡೆ ಮ್ಯಾಲೆ ಇದ್ರಲ್ಲ ತಾತ" ಎಂದಳು ಹೊನ್ನೂರಮ್ಮ.

ನಾಗಕ್ಕ ಯಾರ ಮಾತಿಗೂ ಕಿವಿಗೊಡದೆ ಸಮಾಧಿಯ ಪಕ್ಕ ಕಾಲು ಚಾಚಿ ಕೂತಳು. ಮಣ್ಣಿನ ಮೇಲೆ ಕೈ ಇಟ್ಟು, ಒಡೆದ ದನಿಯಲ್ಲಿ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದಳು. "ಅಂಜಿನೀ, ಆ ಹುಡುಗಿ ಎತ್ತಿದ್ಲು. ದನಿ ಏನು ಚಲೋ ಇಲ್ಲ, ಸುಳ್ಳ್ಯಾಕ ಹೇಳ್ಲಿ. ಉಸಿರು ಸಾಲಲಿಲ್ಲ. ಆದ್ರ ಹಿಡುದ್ರು ನೋಡು. ಎಲ್ಲಾರೂ ಹಿಡುದ್ರು."

ಸುಮಂಗಲಾ ಬರಿದಾದ ಎಲೆಯನ್ನೇ ನೋಡುತ್ತ ನಿಂತಿದ್ದಳು. "ದೊಡ್ಡವ್ವಾ, ನೀನು ಹೇಳಾಕಿಂತ ಮೊದಲ ತಿಂದು ಹೋಗೈತಿ. ಆಮ್ಯಾಲೆ ಹೇಳಿದ್ದು ಅವ್ವಗ ಮುಟ್ಟತೈತೇನು?"

ನಾಗಕ್ಕ ತಲೆ ಎತ್ತಲಿಲ್ಲ.

"ಉಂಡು ಕುಂತಾಳ, ಈಗ ಕೇಳತಾಳ. ಹಸದ ಹೊಟ್ಟಿಲೆ ಯಾರು ಕತಿ ಕೇಳ್ತಾರಬೇ?" ಎಂದಳು. "ಹೋಗು, ನೀನೂ ನೀರು ಕುಡಿ."

ಆಮೇಲೆ ಅವಳು ಮೊದಲಿನಿಂದ ಶುರು ಮಾಡಿದಳು, ತಾನು ನೋಡಿರದ ಒಂಬತ್ತು ವರ್ಷವನ್ನೂ ಸೇರಿಸಿ. ಹೆಸರುಗಳೆಲ್ಲ ತಪ್ಪುತ್ತಿದ್ದವು. ಹೊನ್ನೂರಮ್ಮ ಪಕ್ಕದಲ್ಲಿ ಕುಕ್ಕರಿಸಿ ಒಂದೊಂದನ್ನೇ ತಿದ್ದುತ್ತ ಹೋದಳು. ನಾನು ಸುಮಂಗಲಾಳಿಗೆ ನೀರಿನ ತಂಬಿಗೆ ಕೊಟ್ಟು ಅವರ ಹಿಂದೆ ಹೋಗಿ ಕೂತೆ.